ಪೆನ್ಸಿಲ್ ಕೆಳಗಿಟ್ಟು ಚಪ್ಪಾಳೆ ತಟ್ಟಿದವನು

ಮಣ್ಣಿನ ಮೈದಾನದಲ್ಲಿ ಮೋಟಾರ್‌ಸೈಕಲ್ ರೇಸು ನಡೆಯುವಾಗ ಲ್ಯಾಪು, ಅಂದರೆ ಸುತ್ತು, ಎಣಿಸಲು ಒಬ್ಬ ಮನುಷ್ಯ ಬೇಕು. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ಮೈದಾನಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮನುಷ್ಯ ನಾನಾಗಿದ್ದೆ. ಈಗ ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗಾಗಿ ನಾಲ್ಕು ಅನುಭವದ ಮಾತು ಬರೆದುಕೊಡಿ ಎಂದು ಕೇಳಿದ್ದಾರೆ. ಕೇಳಿದವರು ಬಹುಶಃ ಶಿಸ್ತು, ನಿಷ್ಠೆ, ತಾಳ್ಮೆ ಎಂದೆಲ್ಲ ಬರೆಯುತ್ತೇನೆ ಎಂದುಕೊಂಡಿರಬೇಕು. ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಲ್ಯಾಪು ಎಣಿಸುವ ಸ್ಕೋರರ್ ಚಪ್ಪಾಳೆ ತಟ್ಟಬಾರದು. ಉಳಿದದ್ದು ಆ ಮಾತು ನನಗೆ ಹೇಗೆ ತಿಳಿಯಿತು ಎನ್ನುವ ಕಥೆ.

ಹೊಟ್ಟೆಪಾಡಿಗೆ ನಾನು ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆಯುವ ಕೆಲಸ. ಗದಗಿನ ಕಡೆಯಿಂದ ಬಂದವನು, ಅಕ್ಷರ ದುಂಡಗಿದೆ, ಗಡಿಯಾರ ನೋಡಲು ಬರುತ್ತದೆ. ಇಷ್ಟನ್ನು ಕಂಡು ಒಂದು ಭಾನುವಾರ ಯಾರೋ ನನ್ನನ್ನು ರೇಸಿನ ಮೇಜಿಗೆ ಎಳೆದುಕೊಂಡು ಹೋಗಿ ಕೂರಿಸಿದರು. ಆರು ದಿನ ಕಾರ್ಮಿಕರನ್ನು ಎಣಿಸುವುದು, ಏಳನೆಯ ದಿನ ಮೋಟಾರ್‌ಸೈಕಲ್ ಎಣಿಸುವುದು. ನನ್ನ ಹೆಂಡತಿ ಕೇಳುತ್ತಿದ್ದಳು, "ಮನ್ಯಾಗಿನ ಮಂದೀನ ಯಾವಾಗ ಎಣಸ್ತೀರಿ?"

ಬಡ್ತಿಯ ವಿಷಯ ಬರೆಯುವುದಿಲ್ಲ, ಏಕೆಂದರೆ ಆದದ್ದು ಒಂದೇ. ಮೊದಲ ಕೆಲವು ವರ್ಷ ನನಗೆ ಕೈ ಇಲ್ಲದ ಪ್ಲಾಸ್ಟಿಕ್ ಕುರ್ಚಿ ಕೊಡುತ್ತಿದ್ದರು. ಆಮೇಲೆ ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಬಂತು. ಅದು ಏಕೆ ಬಂತು ಎನ್ನುವುದನ್ನು ಮುಂದೆ ಹೇಳುತ್ತೇನೆ, ಹೇಳಲು ನಾಚಿಕೆಯಾಗುತ್ತದೆ.

ಕೆಲಸದ ರೀತಿ ಹೀಗಿತ್ತು. ಮೇಜಿನ ಮುಂದೆ ಇಬ್ಬರು. ಒಬ್ಬ ಕೂಗುವವನು, ಒಬ್ಬ ಬರೆಯುವವನು. ಗಾಡಿಗಳು ಮೇಜಿನ ಎದುರಿನ ಗೆರೆ ದಾಟುತ್ತಿದ್ದ ಹಾಗೆ ಕೂಗುವವನು ನಂಬರು ಕೂಗುತ್ತಾನೆ, ಬರೆಯುವವನು ಆ ಲ್ಯಾಪಿನ ಸಾಲಿನಲ್ಲಿ ಅದೇ ಕ್ರಮದಲ್ಲಿ ನಂಬರು ಬರೆದು ಪಕ್ಕದಲ್ಲಿ ಸಮಯ ಹಾಕುತ್ತಾನೆ. ಬರೆಯುವವನು ತಲೆ ಎತ್ತಬಾರದು, ಕೂಗುವವನು ತಲೆ ತಗ್ಗಿಸಬಾರದು. ನನ್ನ ಜೊತೆ ಕೂಗುತ್ತಿದ್ದವನು ಫ್ರಾನ್ಸಿಸ್, ಮಂಗಳೂರಿನ ಕಡೆಯವನು, ಚರ್ಚಿನಲ್ಲಿ ಹಾಡಿ ಹಾಡಿ ಗಂಟಲು ಗಟ್ಟಿಯಾಗಿತ್ತು. ಮೂರನೆಯ ಲ್ಯಾಪಿಗೆಲ್ಲ ನಂಬರ್ ಪ್ಲೇಟುಗಳು ಕೆಸರಿನಲ್ಲಿ ಮುಚ್ಚಿಹೋಗುತ್ತಿದ್ದವು. ಆಮೇಲೆ ಸವಾರ ಕೂತ ಭಂಗಿ, ಮೊಣಕೈ ಬಾಗಿದ ರೀತಿ, ಗಾಡಿಯ ಸದ್ದು, ಇವುಗಳಿಂದಲೇ ಫ್ರಾನ್ಸಿಸ್ ನಂಬರು ಹೇಳುತ್ತಿದ್ದ. ಒಮ್ಮೆ ಕಲ್ಯಾಣದಲ್ಲಿ ರೇಸಿನ ನಡುವೆ ಒಂದು ಎಮ್ಮೆ ಗೆರೆ ದಾಟಿತು. ಅವನು ಅಭ್ಯಾಸ ಬಲದಿಂದ "ಎಮ್ಮೆ" ಎಂದು ಕೂಗಿದ, ನಾನು ಅಭ್ಯಾಸ ಬಲದಿಂದ ಬರೆದೆ, ಸಮಯವನ್ನೂ ಹಾಕಿದೆ. ಸಂಜೆ ಹಾಳೆ ನೋಡಿದ ನಮ್ಮ ಮೇಲಿನವರು ಈ ಸವಾರ ಯಾವ ತಂಡದವನು ಎಂದು ಕೇಳಿದರು.

ಆ ಮೇಲಿನವರನ್ನು ಎಲ್ಲರೂ ಕ್ಯಾಪ್ಟನ್ ಸಾಹೇಬ ಎನ್ನುತ್ತಿದ್ದರು. ನಾನು ಮೊದಲು ಸೈನ್ಯದಲ್ಲಿದ್ದವರು ಎಂದು ತಿಳಿದು ಸೆಟೆದು ನಿಂತು ನಮಸ್ಕಾರ ಹೇಳುತ್ತಿದ್ದೆ. ಆರು ತಿಂಗಳ ಮೇಲೆ ಗೊತ್ತಾಯಿತು, ಅವರು ಠಾಣೆಯ ತಮ್ಮ ಹೌಸಿಂಗ್ ಸೊಸೈಟಿಯ ಕ್ರಿಕೆಟ್ ತಂಡಕ್ಕೆ ಕ್ಯಾಪ್ಟನ್ ಆಗಿದ್ದರು, ಅದೂ ಒಂದೇ ವರ್ಷ. ರೇಸಿನ ನಿಯಮಗಳ ಪುಸ್ತಕವನ್ನು ಅವರು ಸದಾ ಕಂಕುಳಲ್ಲಿ ಇಟ್ಟುಕೊಂಡಿರುತ್ತಿದ್ದರು. ಬಿಡಿಸಿ ನೋಡಿದ್ದನ್ನು ಕಂಡವರಿಲ್ಲ. ಮುಖ್ಯ ಅತಿಥಿಗೆ ಇನ್ನೊಂದು ಕಡೆ ರಿಬ್ಬನ್ ಕತ್ತರಿಸುವುದಿದೆ ಎಂದರೆ ಹನ್ನೆರಡು ಲ್ಯಾಪಿನ ರೇಸನ್ನು ಎಂಟಕ್ಕೆ ಇಳಿಸುತ್ತಿದ್ದರು, ಸವಾರರಿಗೆ ಮಾತ್ರ ಹೇಳುತ್ತಿರಲಿಲ್ಲ. ರೇಸು ಮುಗಿಯಿತೆಂಬ ಧ್ವಜ ಬಿದ್ದ ಮೇಲೂ ಗಾಡಿಗಳು ಸುತ್ತುತ್ತಲೇ ಇರುತ್ತಿದ್ದವು, ಅತಿಥಿಗಳು ವೇದಿಕೆಯಲ್ಲಿ ಕಪ್ ಹಿಡಿದು ಗೆದ್ದವನಿಗಾಗಿ ಕಾಯುತ್ತಿದ್ದರು.

ಇಂಥ ಮೇಲಧಿಕಾರಿಗಳ ಕಾಲದಲ್ಲಿ ಸವಾರರು ತಮ್ಮ ಲ್ಯಾಪನ್ನು ತಾವೇ ಎಣಿಸುವ ಉಪಾಯ ಕಂಡುಕೊಂಡಿದ್ದರು. ವಯರಿಗೆ ಸುತ್ತುವ ಕಪ್ಪು ಟೇಪು ಇದೆಯಲ್ಲ, ಅದನ್ನು ಸಣ್ಣ ಸಣ್ಣ ಪಟ್ಟಿಯಾಗಿ ಕತ್ತರಿಸಿ ಪೆಟ್ರೋಲ್ ಟ್ಯಾಂಕಿನ ಮೇಲೆ ಸಾಲಾಗಿ ಅಂಟಿಸುವುದು. ಹತ್ತು ಲ್ಯಾಪಿಗೆ ಹತ್ತು ಪಟ್ಟಿ. ಒಂದೊಂದು ಸಲ ಗೆರೆ ದಾಟಿದಾಗಲೂ ಎಡಗೈಯಿಂದ ಒಂದು ಪಟ್ಟಿ ಕಿತ್ತು ಬಿಸಾಡುವುದು. ಪಟ್ಟಿ ಮುಗಿದರೆ ರೇಸು ಮುಗಿಯಿತು. ಹಾಗಿದ್ದೂ ಪಟ್ಟಿಗೂ ನನ್ನ ಹಾಳೆಗೂ ವ್ಯತ್ಯಾಸ ಬಂದರೆ ನನ್ನ ಹಾಳೆಯದೇ ಮಾತು. ಸವಾರರು ದೇವರನ್ನು ನಂಬದಿದ್ದರೂ ಚಾರ್ಟನ್ನು ನಂಬುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಕಂಪ್ಯೂಟರು ಬಂತು. ಬೆಂಕಿಪೆಟ್ಟಿಗೆಯಷ್ಟು ಡಬ್ಬಿಯನ್ನು ಗಾಡಿಗೆ ಕಟ್ಟುವುದು, ಗೆರೆಯ ಕೆಳಗೆ ವಯರು ಹೂಳುವುದು. ಗಾಡಿ ದಾಟಿದರೆ ಸಾಕು, ಪರದೆಯ ಮೇಲೆ ಲ್ಯಾಪು ತಾನಾಗಿಯೇ ಬೀಳುತ್ತದೆ. ಅದನ್ನು ತಂದ ತರುಣ ಎಂಜಿನಿಯರು ನನ್ನ ಪೆನ್ಸಿಲನ್ನು ಮ್ಯೂಸಿಯಮ್ಮಿನಲ್ಲಿ ಇಡುವ ವಸ್ತುವಿನ ಹಾಗೆ ನೋಡಿದ. ನವಿ ಮುಂಬಯಿಯಲ್ಲಿ ಮೊದಲ ಸಲ ಅದನ್ನು ಹಚ್ಚಿದ ದಿನ ಒಬ್ಬನ ಗಾಡಿ ಗೆರೆಯ ಹತ್ತಿರವೇ ಕೆಟ್ಟು ನಿಂತಿತು. ಅವನ ಮೆಕ್ಯಾನಿಕ್ ಅದನ್ನು ಚಾಲೂ ಮಾಡಲು ವಯರಿನ ಮೇಲೆ ಹಿಂದೆ ಮುಂದೆ ತಳ್ಳಿದ. ತಳ್ಳಿದಷ್ಟು ಸಲವೂ ಕಂಪ್ಯೂಟರು ಒಂದು ಲ್ಯಾಪು ಕೊಟ್ಟಿತು. ಸ್ವಲ್ಪ ಹೊತ್ತಿನಲ್ಲಿ ಕೆಟ್ಟ ಗಾಡಿ ಮೊದಲ ಸ್ಥಾನಕ್ಕೆ ಬಂದು ಮೈಕಿನವನು ಅದರ ಗುಣಗಾನ ಶುರುಮಾಡಿದ್ದ. ಆ ಸಂಜೆ ನನ್ನ ಪೆನ್ಸಿಲ್ ಹಾಳೆ ನೋಡಿಯೇ ಫಲಿತಾಂಶ ಹೇಳಬೇಕಾಯಿತು. ಬಹಳ ದಿನ ನಾನು ಈ ಕಥೆಯನ್ನು ಎಲ್ಲರಿಗೂ ಹೇಳಿಕೊಂಡು ಬೀಗಿದೆ. ಆದರೆ ಒಂದು ಮಾತು ಒಪ್ಪಬೇಕು. ಕಂಪ್ಯೂಟರು ತಪ್ಪು ಮಾಡುತ್ತದೆ, ಆದರೆ ಯಾರ ಅಭಿಮಾನಿಯೂ ಅಲ್ಲ.

ಇನ್ನು ಅಭಿಮಾನಿಗಳ ವಿಷಯ. ರೇಸು ಮುಗಿದ ಹತ್ತಿಪ್ಪತ್ತು ವರ್ಷದ ಮೇಲೆ ನಿಜವಾದ ರೇಸು ಶುರುವಾಗುವುದು ಇವರ ಬಾಯಲ್ಲಿ. ಭಾನುವಾರ ಬೆಳಿಗ್ಗೆ ನವಿ ಮುಂಬಯಿಯ ಕೋಪರಖೈರಣೆಯ ಒಂದು ಟಯರ್ ಅಂಗಡಿಯ ಮುಂದೆ ಹಳೆಯ ಟಯರುಗಳನ್ನು ಪೇರಿಸಿ ಅದರ ಮೇಲೆ ಕೂರುತ್ತಿದ್ದರು. ಅಂಗಡಿ ವಿಠಲ ಪೂಜಾರಿಯದು. ಉಡುಪಿ ಕಡೆಯವನು, ಒಂದು ಕಾಲದಲ್ಲಿ ತಾನೂ ರೇಸಿನಲ್ಲಿ ಗಾಡಿ ಓಡಿಸಿದವನು. ಒಂದು ಚಕ್ರ ಬಿಗಿದರೆ ನಟ್ಟುಗಳನ್ನು ಬಾಯಿಬಿಟ್ಟು ಎರಡು ಸಲ ಎಣಿಸುತ್ತಿದ್ದ. "ಒಂದು, ಎರಡು, ಮೂರು, ನಾಲ್ಕು," ಮತ್ತೆ ಮೊದಲಿನಿಂದ. ಗಿರಾಕಿಗಳು ನಗುತ್ತಿದ್ದರು. ಅವನೂ ನಗುತ್ತಿದ್ದ, ಎಣಿಕೆ ಬಿಡುತ್ತಿರಲಿಲ್ಲ.

ಅಲ್ಲಿನ ಪೀಠಾಧಿಪತಿ ನಾಡಗೌಡರು. ವಿಜಯಪುರದ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಠಾಣೆಯಿಂದ ಲೋಕಲ್ ರೈಲು ಹಿಡಿದು ಬರುತ್ತಿದ್ದರು. ಜೀವನದಲ್ಲಿ ಸ್ಕೂಟರನ್ನು ಮೂರನೆಯ ಗೇರಿನ ಮೇಲೆ ಒಯ್ದವರಲ್ಲ. ಆದರೆ ಎಂಬತ್ತರ ದಶಕದಲ್ಲಿ ಯಾವ ಸವಾರ ಯಾವ ತಿರುವಿನಲ್ಲಿ ಎಷ್ಟು ಬಾಗಿದ ಎನ್ನುವುದನ್ನು ತಾವೇ ಹಿಂದಿನ ಸೀಟಿನಲ್ಲಿ ಕೂತಿದ್ದವರ ಹಾಗೆ ಹೇಳುತ್ತಿದ್ದರು. ಎಲ್ಲ ಕಥೆಗಳಿಗೂ ಕಳಸವಿಟ್ಟ ಹಾಗೆ ಒಂದು ಕಥೆ ಇತ್ತು. ಎಂಬತ್ತರ ದಶಕದ ಕೊನೆಯಲ್ಲಿ ಕಲ್ಯಾಣದ ಮೈದಾನದಲ್ಲಿ ಬಂಡು ದಾದಾ ಎಂಬ ಸವಾರ ಕೊನೆಯ ತಿರುವಿನಲ್ಲಿ ಮುಂದಿನವನನ್ನು ಹೊರಗಿನಿಂದ ದಾಟಿ ಗೆದ್ದದ್ದು.

ಆ ಕಥೆ ವರ್ಷವರ್ಷಕ್ಕೂ ಬೆಳೆಯಿತು. ಹತ್ತು ಲ್ಯಾಪಿನ ರೇಸು ಹದಿನೈದಾಯಿತು, ಇಪ್ಪತ್ತಾಯಿತು. ಬಂಡು ಮುರಿದ ಎಡ ಭುಜದಲ್ಲಿ ಓಡಿಸಿದ್ದನಂತೆ, ಎರಡು ವರ್ಷದ ಮೇಲೆ ಮುರಿತ ಬಲ ಭುಜಕ್ಕೆ ಬಂತು. ಆ ದಿನ ಧಾರಾಕಾರ ಮಳೆ ಎಂದೂ ಸೇರಿತು. ಮಳೆ ಎಲ್ಲಿಯದು, ಧೂಳು ಏಳದಿರಲಿ ಎಂದು ಟ್ಯಾಂಕರಿನಿಂದ ನೀರು ಹೊಡೆಸಿ ಹೊಡೆಸಿ ನಾವೇ ಕೆಸರು ಮಾಡಿದ್ದೆವು. ಆ ದಿನ ತಾವು ಅಲ್ಲೇ ಇದ್ದೆವು ಎಂದು ಆಣೆ ಇಡುತ್ತಿದ್ದವರಲ್ಲಿ ಒಬ್ಬನ ವಯಸ್ಸನ್ನು ಲೆಕ್ಕ ಹಾಕಿದರೆ ಅವನು ಆಗ ತೊಟ್ಟಿಲಲ್ಲಿರಬೇಕು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ. ಇವರು ಕಟ್ಟಿದ್ದಷ್ಟೇ ಅಲ್ಲ, ಹಾಲನ್ನೂ ಕರೆದರು.

ಕಥೆಯಲ್ಲಿ ಒಂದು ನಗೆಯ ಪ್ರಸಂಗವೂ ಇತ್ತು. ನಾಡಗೌಡರು ಅಲ್ಲಿಗೆ ಬಂದಾಗ ನಿಲ್ಲಿಸಿ ಅಂಗಡಿಯ ಒಳಗೆ ತಿರುಗುತ್ತಿದ್ದರು. "ವಿಠಲ, ಇದನ್ನ ನೀನ ಹೇಳಪಾ. ನಿನ್ನ ಬಾಯಿಂದನ ಕೇಳಬೇಕು."

ವಿಠಲ ಕೈ ಒರೆಸಿಕೊಂಡು ಹೊರಗೆ ಬಂದು ಹೇಳುತ್ತಿದ್ದ. "ಅದೆಂತ ಹೇಳುದು. ಇಪ್ಪತ್ತೇಳನೇ ನಂಬರಿನವ ಒಬ್ಬ ಪೆದ್ದ ಇದ್ದ. ಚೆಂದ ಹೋಗ್ತಾ ಇದ್ದ. ಇನ್ನೂ ಒಂದು ಲ್ಯಾಪ್ ಉಂಟು ಅನ್ನುವಾಗ ಗೆದ್ದೆ ಅಂತ ಕೈ ಎತ್ತಿ ಗಾಡಿ ನಿಲ್ಸಿದ. ಆ ಪೆದ್ದ ನಾನೇ ಮಾರಾಯ್ರೆ."

ಟಯರುಗಳ ಮೇಲಿದ್ದವರು ಬಿದ್ದು ಬಿದ್ದು ನಗುತ್ತಿದ್ದರು. ಪ್ರತಿ ಭಾನುವಾರ ಅದೇ ಮಾತು, ಅದೇ ನಗು. ನಾನೂ ಚಹಾದ ಗ್ಲಾಸು ಹಿಡಿದುಕೊಂಡು ನಗುತ್ತಿದ್ದೆ. ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಸತ್ಯ ಗೊತ್ತಿತ್ತು, ನನ್ನ ನಗುವೇ ಎಲ್ಲರಿಗಿಂತ ಜೋರಾಗಿರುತ್ತಿತ್ತು.

ಆ ದಿನ ನಡೆದದ್ದು ಇದು. ಹದಿನಾರು ಗಾಡಿಗಳು, ಹತ್ತು ಲ್ಯಾಪು. ಗೆದ್ದವನಿಗೆ ಮುಂದಿನ ವರ್ಷ ಒಬ್ಬ ದೊಡ್ಡ ಮೋಟಾರ್‌ಸೈಕಲ್ ಡೀಲರಿನ ತಂಡದಲ್ಲಿ ಜಾಗ ಎಂದು ಮೊದಲೇ ಹೇಳಿದ್ದರು. ಹೊಸ ಗಾಡಿ, ಊರೂರು ರೇಸು, ಸವಾರಿಯೇ ಉದ್ಯೋಗ. ಎಂಟು ಲ್ಯಾಪು ಮುಗಿದಾಗ ನನ್ನ ಹಾಳೆಯಲ್ಲಿ ಇಪ್ಪತ್ತೇಳನೆಯ ನಂಬರಿನ ವಿಠಲ ಮೊದಲಿಗ, ಹನ್ನೊಂದನೆಯ ನಂಬರಿನ ಬಂಡು ಅವನಿಗಿಂತ ಅರ್ಧ ಲ್ಯಾಪು ಹಿಂದೆ. ಇದು ಮೇಜಿಗೆ ಮಾತ್ರ ಗೊತ್ತಿರುವ ವಿಷಯ. ಗಾಡಿಗಳು ಮೈದಾನದ ಸುತ್ತ ಚೆಲ್ಲಿಹೋದ ಮೇಲೆ ಯಾರು ಮುಂದೆ, ಯಾರು ಒಂದು ಸುತ್ತು ಹಿಂದೆ ಎಂದು ಜನಕ್ಕೆ ತಿಳಿಯುವುದಿಲ್ಲ. ಜನಕ್ಕೆ ಎರಡು ಗಾಡಿ ಅಂಟಿಕೊಂಡು ಹೋಗುತ್ತಿದ್ದರೆ ಸಾಕು.

ಒಂಬತ್ತನೆಯ ಲ್ಯಾಪಿನಲ್ಲಿ ಬಂಡು ನೀಲಿ ಅಂಗಿಯ ಒಬ್ಬ ಸವಾರನಿಗೆ ಅಂಟಿಕೊಂಡ. ದೂರದ ತಿರುವಿನಲ್ಲಿ ಇಬ್ಬರೂ ಚಕ್ರಕ್ಕೆ ಚಕ್ರ ತಾಗಿಸಿ ಕೆಸರು ಹಾರಿಸುತ್ತ ಹೊರಟರು. ಇಡೀ ಮೈದಾನ ಎದ್ದು ನಿಂತಿತು. ಫ್ರಾನ್ಸಿಸ್ ಕುರ್ಚಿಯ ಮೇಲೆ ಹತ್ತಿದ. ನಾನು ಪೆನ್ಸಿಲ್ ಕೆಳಗಿಟ್ಟೆ, ಎದ್ದೆ, ಚಪ್ಪಾಳೆ ತಟ್ಟಿದೆ. ನಾನು ಬಂಡುವಿನ ಅಭಿಮಾನಿಯಾಗಿದ್ದೆ. ಹೌದು, ಈವರೆಗೆ ಯಾರನ್ನು ಗೇಲಿ ಮಾಡಿದೆನೋ ಆ ಪಂಗಡದ ಮೊದಲ ಸದಸ್ಯ ನಾನೇ.

ಆ ಇಬ್ಬರು ಗೆರೆಗೆ ಬಂದಾಗ ಫ್ರಾನ್ಸಿಸ್ "ಹನ್ನೊಂದು" ಎಂದು ಕೂಗಿದ, ನಾನು ಕೂತು ಬರೆದೆ. ಬರೆಯುವಾಗ ನೋಡಿದರೆ ಮೊದಲಿಗನಾಗಿದ್ದ ಇಪ್ಪತ್ತೇಳು ಆ ಸಾಲಿನಲ್ಲೇ ಇಲ್ಲ.

"ಇಪ್ಪತ್ತೇಳು ಎಲ್ಲೈತೋ?" ಎಂದು ಕೇಳಿದೆ.

"ಅವ ಆಚೆ ಬಿದ್ದಿರ್ಬೇಕು," ಎಂದ ಫ್ರಾನ್ಸಿಸ್.

ಅಷ್ಟರಲ್ಲಿ ಇಪ್ಪತ್ತೇಳು ಬಂತು. ಬಿದ್ದು ಎದ್ದು ಬಂದ, ಪಾಪ, ಎಂದುಕೊಂಡು ಅವನಿಗೆ ಒಂಬತ್ತನೆಯ ಲ್ಯಾಪು ಬರೆದೆ. ಅವನು ಗೆರೆ ದಾಟಿದವನೇ ಕೈ ಎತ್ತಿ ಗಾಡಿಯನ್ನು ಪಕ್ಕಕ್ಕೆ ತೆಗೆದುಕೊಂಡ. ಧ್ವಜದವನು ನಮ್ಮ ಮೇಜಿನ ಕಡೆ ನೋಡಿದ. ನಾನು ಇಲ್ಲ ಎಂದು ತಲೆ ಆಡಿಸಿದೆ. ಅರ್ಧ ಲ್ಯಾಪಿನ ಮೇಲೆ ಬಂಡು ಆ ನೀಲಿ ಅಂಗಿಯವನನ್ನು ಕೊನೆಯ ತಿರುವಿನಲ್ಲಿ ಹೊರಗಿನಿಂದ ದಾಟಿ ಬಂದ. ಧ್ವಜ ಬಿತ್ತು, ಜನ ಅವನನ್ನು ಹೆಗಲ ಮೇಲೆ ಹೊತ್ತರು. ನೀಲಿ ಅಂಗಿಯವನು ಒಂದು ಪೂರ್ತಿ ಲ್ಯಾಪು ಹಿಂದಿದ್ದ. ಅವನನ್ನು ದಾಟಿದರೂ ಒಂದೇ, ಬಿಟ್ಟರೂ ಒಂದೇ. ಇಪ್ಪತ್ತು ವರ್ಷ ಜನ ಹಾಡಿ ಹೊಗಳಿದ ಸಾಹಸ ಇದು.

ವಿಠಲ ಹೆಲ್ಮೆಟ್ ಕೈಯಲ್ಲಿ ಹಿಡಿದು ಮೇಜಿಗೆ ಬಂದ. "ಮಾಸ್ಟ್ರೆ, ನಂದು ಎಷ್ಟಾಯ್ತು?"

ನಾನು ಹಾಳೆಯ ಮೇಲೆ ಬೆರಳಿಟ್ಟು ಹೇಳಿದೆ, "ಒಂಬತ್ತು. ಇನ್ನೊಂದಿತ್ತಲ್ಲೋ ತಮ್ಮಾ, ಯಾಕ ನಿಲ್ಲಿಸಿದಿ?"

ಅವನು ತಿರುಗಿ ತನ್ನ ಗಾಡಿಯ ಟ್ಯಾಂಕು ನೋಡಿದ. ಒಂದು ಪಟ್ಟಿಯೂ ಉಳಿದಿರಲಿಲ್ಲ. "ಹಾಗಾದ್ರೆ ಬೆಳಿಗ್ಗೆ ಅಂಟಿಸುವಾಗ ನಾನೇ ಒಂದು ಕಮ್ಮಿ ಮಾಡಿದ್ದು," ಎಂದು ಹೇಳಿ ಹೋದ. ವಾದ ಮಾಡಲಿಲ್ಲ. ಚಾರ್ಟ್ ಹೇಳಿದ ಮೇಲೆ ಮುಗಿಯಿತಲ್ಲ.

ಎರಡು ದಿನದ ಮೇಲೆ ಟೈಮ್ ಆಫೀಸಿನಲ್ಲಿ ಬಿಡುವಾದಾಗ ಹಾಳೆಯ ಶುದ್ಧಪ್ರತಿ ಮಾಡಲು ಕೂತೆ. ಇಪ್ಪತ್ತೇಳರ ಎಂಟನೆಯ ಮತ್ತು ಒಂಬತ್ತನೆಯ ಲ್ಯಾಪಿನ ನಡುವೆ ಸರಿಯಾಗಿ ಎರಡು ಲ್ಯಾಪಿನ ಸಮಯ ಹಿಡಿದಿತ್ತು. ಹೊಸಬರೇ, ಇದನ್ನು ಬರೆದಿಟ್ಟುಕೊಳ್ಳಿ. ಒಂದು ಲ್ಯಾಪಿಗೆ ಎರಡು ಲ್ಯಾಪಿನ ಹೊತ್ತು ಹಿಡಿದರೆ ಒಂದೋ ಸವಾರ ಬಿದ್ದಿರಬೇಕು, ಇಲ್ಲವೇ ಸ್ಕೋರರ್ ಬಿದ್ದಿರಬೇಕು. ಒಂದೊಂದು ತಿರುವಿನಲ್ಲೂ ಕಾವಲು ನಿಂತ ನಮ್ಮವರು, ಯಾರು ಬಿದ್ದರು ಎಂದು ಬರೆದುಕೊಡುವ ಚೀಟಿಗಳನ್ನು ತೆಗೆದು ನೋಡಿದೆ. ನಾಲ್ಕೂ ತಿರುವಿನ ಚೀಟಿಗಳಲ್ಲಿ ಇಪ್ಪತ್ತೇಳು ಎಲ್ಲೂ ಇರಲಿಲ್ಲ. ಅವನು ನಮ್ಮ ಮೂಗಿನ ಕೆಳಗೇ ಗೆರೆ ದಾಟಿದ್ದ. ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಹಾಳೆ ಮತ್ತು ಚೀಟಿ ತೆಗೆದುಕೊಂಡು ಕ್ಯಾಪ್ಟನ್ ಸಾಹೇಬರ ಮನೆಗೆ ಹೋದೆ. ಅವರು ಪೂರ್ತಿ ಕೇಳಿದರು. "ಛೋಡೋ ನಾ ಹುಲ್ಲೂರ್," ಎಂದರು. "ಕಪ್ ದೇ ದಿಯಾ, ಫೋಟೋ ಛಪ್ ಗಯಾ. ಅಬ್ ಕ್ಯಾ ಫೋಟೋ ವಾಪಸ್ ಲೇಂಗೆ?" ಕಪ್ ಕೊಟ್ಟು ಫೋಟೋ ಅಚ್ಚಾದ ಮೇಲೆ ಅವರ ಮಟ್ಟಿಗೆ ವಿಷಯ ಮುಗಿದಿತ್ತು. ನಿಯಮದ ಪುಸ್ತಕ ಟೀಪಾಯಿಯ ಮೇಲೆ ಇತ್ತು, ಅದರ ಮೇಲೆ ಚಹಾದ ಕಪ್ಪಿತ್ತು. ಮುಂದಿನ ರೇಸಿಗೆ ಹೋದಾಗ ನನ್ನ ಜಾಗದಲ್ಲಿ ಕೈ ಇರುವ ಕುರ್ಚಿ ಇಟ್ಟಿದ್ದರು. ನಾನು ಕೂತೆ. ಕೂತ ಮೇಲೆ ಏಳಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಬಂಡು ತಂಡ ಸೇರಿದ, ನಾಲ್ಕು ವರ್ಷ ಓಡಿಸಿದ, ಕೈಕಾಲು ಮುರಿದುಕೊಂಡ, ಹೆಸರು ಮಾಡಿದ, ಆಮೇಲೆ ಕಲ್ಯಾಣದಲ್ಲಿ ನೀರಿನ ಟ್ಯಾಂಕರುಗಳ ಮಾಲೀಕನಾದ. ವಿಠಲ ಆ ರೇಸಿನ ಮೇಲೆ ಮತ್ತೆ ಟ್ರ್ಯಾಕಿಗೆ ಇಳಿಯಲಿಲ್ಲ, ಗಾಡಿ ಮಾರಿ ಅಂಗಡಿ ಹಾಕಿದ. ಫ್ರಾನ್ಸಿಸ್ ತೀರಿಕೊಂಡ. ಕ್ಯಾಪ್ಟನ್ ಸಾಹೇಬರೂ ಹೋದರು. ನಾನು ಕಾರ್ಖಾನೆಯಿಂದ ನಿವೃತ್ತನಾದೆ, ಕಂಪ್ಯೂಟರು ಸುಧಾರಿಸಿದ ಮೇಲೆ ಮೇಜಿನಿಂದಲೂ ನಿವೃತ್ತನಾದೆ. ಹಾಳೆ ಮಾತ್ರ ನನ್ನ ಟ್ರಂಕಿನಲ್ಲಿ ಉಳಿಯಿತು.

ಎರಡು ಸಾವಿರದ ಹತ್ತರ ಆಚೆ ಒಂದು ವರ್ಷ ನಾಡಗೌಡರಿಗೆ ಬಂಡು ದಾದಾನನ್ನು ಸನ್ಮಾನಿಸುವ ಯೋಚನೆ ಬಂತು. ಠಾಣೆಯಲ್ಲಿ ಒಂದು ಹಾಲ್ ಬುಕ್ ಮಾಡಿ ನನಗೆ ಫೋನ್ ಮಾಡಿದರು.

"ಹುಲ್ಲೂರ ಸಾಹೇಬ್ರ, ಆ ರೇಸಿನ ಅಸಲ್ ಚಾರ್ಟ್ ನಿಮ್ಮ ಹತ್ರ ಐತಂತಲ್ರಿ. ಅದಕ್ಕ ಫ್ರೇಮ್ ಹಾಕಿಸಿ ದಾದಾಗ ಕೊಡೂಣು. ಶಾಲು ಎಲ್ಲಾರೂ ಕೊಡತಾರ. ಇದು ಇತಿಹಾಸ."

"ನೋಡ್ತೀನ್ರಿ," ಎಂದೆ.

"ನೋಡೂದೇನೈತ್ರಿ, ತಗೊಂಡ ಬರ್ರಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಇಲ್ಲಿ ಹುಣ್ಣಿಗೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಹೊರಟಿದ್ದರು. ಸನ್ಮಾನದ ಹಿಂದಿನ ದಿನ ಬೆಳಿಗ್ಗೆ ಹಾಳೆಯನ್ನು ಸುರುಳಿ ಸುತ್ತಿಕೊಂಡು ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ಕೋಪರಖೈರಣೆ, ಹೀಗೆ ಎರಡು ಲೋಕಲ್ ಹಿಡಿದು ವಿಠಲನ ಅಂಗಡಿಗೆ ಹೋದೆ. ಅವನು ಒಂದು ಟೆಂಪೋದ ಚಕ್ರ ಬಿಗಿಯುತ್ತಿದ್ದ. ಟಯರುಗಳ ಮೇಲೆ ಯಾರೂ ಇರಲಿಲ್ಲ.

ಹಾಳೆಯನ್ನು ಗಲ್ಲಾದ ಮೇಜಿನ ಮೇಲೆ ಹರಡಿ, ಸಮಯದ ಸಾಲು ತೋರಿಸಿ, ಎಲ್ಲವನ್ನೂ ಹೇಳಿದೆ. ಚಪ್ಪಾಳೆ ತಟ್ಟಿದ್ದು, ಚೀಟಿಗಳು, ಕ್ಯಾಪ್ಟನ್ ಸಾಹೇಬ, ಕುರ್ಚಿ, ಒಂದನ್ನೂ ಬಿಡಲಿಲ್ಲ. "ಗೆದ್ದಾಂವ ನೀನು ವಿಠಲ," ಎಂದೆ.

ವಿಠಲ ಹಾಳೆಯ ಮೇಲೆ ಬಗ್ಗಿ ಸಮಯದ ಸಾಲಿನ ಮೇಲೆ ಬೆರಳಾಡಿಸಿದ. ಆಮೇಲೆ ಸ್ಪಾನರನ್ನು ಕೆಳಗಿಟ್ಟ.

"ಇಲ್ಲೇ ಕೂತು ಚಾ ಕುಡಿತಿದ್ರಿ ನೀವು ಮಾಸ್ಟ್ರೆ," ಎಂದ. "ಪ್ರತಿ ಆದಿತ್ಯವಾರ. ನಾನು ಪೆದ್ದ ಅಂತ ನಾನೇ ಹೇಳುದನ್ನು ಕೇಳಿ ನಗಾಡಿದ್ರಿ."

"ಹೌದಪಾ."

"ನಾನು ಕಪ್ ಹೋಯ್ತು ಅಂತ ಬಿಟ್ಟದ್ದಲ್ಲ ಮಾರಾಯ್ರೆ. ಹತ್ತರ ತನಕ ಎಣಿಸ್ಲಿಕ್ಕೆ ಬಾರದವ ಇನ್ನೆಂತ ಓಡಿಸುದು ಅಂತ ಬಿಟ್ಟದ್ದು."

ಟೆಂಪೋದವನು ಹೊರಗೆ ಹಾರ್ನ್ ಹೊಡೆದ. ವಿಠಲ ತಿರುಗಿಯೂ ನೋಡಲಿಲ್ಲ. ನಾನು ಬೈಗುಳಕ್ಕಾಗಿ ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಕೇಳಿದ್ದು ಬೇರೆ.

"ಹಾಗಾದ್ರೆ ಪಟ್ಟಿ ಹತ್ತೇ ಇತ್ತಾ?"

"ಹತ್ತ ಇತ್ತು."

"ಸರಿಯಾಗಿ ನೋಡಿ ಹೇಳಿ."

"ನೋಡೇನಿ ವಿಠಲ. ಹತ್ತು."

ಅವನು ತಂಡದ ಮಾತು ಎತ್ತಲಿಲ್ಲ, ಬಂಡುವಿನ ಮಾತು ಎತ್ತಲಿಲ್ಲ. ಮುಖವನ್ನು ಅಂಗಿಯ ತೋಳಿನಿಂದ ಒರೆಸಿಕೊಂಡು ಹಾಳೆಯನ್ನು ತಾನೇ ಸುತ್ತಿ ನನ್ನ ಕೈಗೆ ಕೊಟ್ಟ. "ಕೊಂಡೋಗಿ ಕೊಡಿ. ಫ್ರೇಮ್ ಹಾಕ್ಲಿ. ಅದನ್ನು ಓದ್ಲಿಕ್ಕೆ ಅಲ್ಲಿ ಯಾರಿಗೆ ಬರ್ತದೆ?" ಅಂದು ಅವನು ನನಗೆ ಚಹಾ ತರಿಸಲಿಲ್ಲ. ನಾನು ನಿರೀಕ್ಷಿಸಲೂ ಇಲ್ಲ.

ಮರುದಿನ ಸಭೆಯಲ್ಲಿ ಎರಡು ಗಂಟೆ ಭಾಷಣವಾಯಿತು. ಬಂಡು ದಾದಾ ಮಂಡಿಗೆ ಪಟ್ಟಾ ಕಟ್ಟಿಕೊಂಡು ದೊಡ್ಡ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ವಿಠಲ ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ಫ್ರೇಮ್ ಹಾಕಿಸಿದ ಚಾರ್ಟ್ ಕೊಡಲು ನನ್ನನ್ನು ಕರೆದಾಗ ಮೈಕು ಹಿಡಿದು ನೆಟ್ಟಗೆ ಹೇಳಿಬಿಟ್ಟೆ. ಆ ರೇಸು ಗೆದ್ದವರು ವಿಠಲ ಪೂಜಾರಿ, ನಾನು ಒಂದು ಲ್ಯಾಪು ಬರೆಯಲಿಲ್ಲ, ದಾದಾ ದಾಟಿದ್ದು ಒಂದು ಲ್ಯಾಪು ಹಿಂದಿದ್ದವನನ್ನು, ಇದೋ ಹಾಳೆ, ಇದೋ ಸಮಯ.

ನಾಡಗೌಡರು ಬಂದು ನನ್ನ ಭುಜ ಹಿಡಿದು ಮೈಕಿನಲ್ಲೇ ಹೇಳಿದರು, "ಹುಲ್ಲೂರ ಸಾಹೇಬ್ರಿಗೆ ವಯಸ್ಸಾತು, ತಪ್ಪು ತಿಳೀಬ್ಯಾಡ್ರಿ." ಹಿಂದಿನಿಂದ ಒಬ್ಬ ಎದ್ದು ನಿಂತ. "ನಾವು ಕಣ್ಣಾರೆ ನೋಡಿದ್ದೇವೆ," ಎಂದ. ಆ ತೊಟ್ಟಿಲಿನವನೇ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಈ ಮಂದಿಗಾಗಿಯೇ ಮಾಡಿರಬೇಕು. ಪ್ರಮಾಣ ನನ್ನ ಕೈಯಲ್ಲೇ ಇತ್ತು, ಒಬ್ಬನೂ ಅದರ ಕಡೆ ನೋಡಲಿಲ್ಲ.

ಗದ್ದಲಕ್ಕೆ ಎಚ್ಚರವಾದ ಬಂಡು ದಾದಾ ನಾಡಗೌಡರ ಕೈ ಜಗ್ಗಿ ಕೇಳಿದ, "ಕೌನ್ ಸಾ ರೇಸ್?"

"ಕಲ್ಯಾಣ್ ಕಾ, ದಾದಾ. ಲಾಸ್ಟ್ ಟರ್ನ್."

ಬಂಡು ಯೋಚಿಸಿದ. "ಕಲ್ಯಾಣ್ ಮೇ ಮೈ ಕಬ್ ಜೀತಾ?" ಎಂದ. ಪಾಪ, ಕಲ್ಯಾಣದಲ್ಲಿ ಯಾವಾಗ ಗೆದ್ದೆ ಎನ್ನುವುದೇ ಅವನಿಗೆ ಗೊತ್ತಿಲ್ಲ, ನೆನಪಿದ್ದದ್ದು ಬಿದ್ದ ರೇಸುಗಳು ಮಾತ್ರ, ಏಕೆಂದರೆ ಮಂಡಿ ಅವನ್ನು ದಿನವೂ ನೆನಪಿಸುತ್ತಿತ್ತು. ಅಭಿಮಾನಿಗಳು ಅದಕ್ಕೂ ಚಪ್ಪಾಳೆ ತಟ್ಟಿ ದಾದಾನ ವಿನಯ ನೋಡಿ ಎಂದರು. ಫ್ರೇಮಿನಲ್ಲಿಟ್ಟ ಹಾಳೆಯನ್ನು ಅವನ ಕೈಗೆ ಕೊಟ್ಟು ಫೋಟೋ ತೆಗೆದರು. ಹತ್ತನೆಯ ಲ್ಯಾಪಿನ ಸಾಲಿನಲ್ಲಿ ಇಪ್ಪತ್ತೇಳು ಇಲ್ಲದ್ದು ಗಾಜಿನ ಹಿಂದೆ ಚೆನ್ನಾಗಿ ಕಾಣುತ್ತಿತ್ತು.

ನಾನು ತಿರುಗಿ ನೋಡಿದಾಗ ಹಿಂದಿನ ಸಾಲಿನಲ್ಲಿ ವಿಠಲ ಇರಲಿಲ್ಲ.

ಎರಡು ಭಾನುವಾರ ಕೋಪರಖೈರಣೆಗೆ ಹೋಗಲು ಮುಖವಿರಲಿಲ್ಲ. ಮೂರನೆಯ ಭಾನುವಾರ ಹೋದೆ. ನಾಡಗೌಡರು ಟಯರಿನ ಮೇಲೆ ಕೂತು ಕಥೆ ಹೇಳುತ್ತಿದ್ದರು. ಕಥೆ ಇನ್ನಷ್ಟು ಬೆಳೆದಿತ್ತು. ಈಗ ಅದರಲ್ಲಿ ಒಬ್ಬ ದುಷ್ಟ ಸ್ಕೋರರ್ ಸೇರಿದ್ದ, ಬಂಡು ದಾದಾನ ಗೆಲುವನ್ನು ಕಸಿಯಲು ಲ್ಯಾಪು ಕದ್ದವನು. ನನ್ನನ್ನು ಕಂಡು ಸ್ವಲ್ಪ ದನಿ ಇಳಿಸಿದರೇ ಹೊರತು ನಿಲ್ಲಿಸಲಿಲ್ಲ. ನಗೆಯ ಪ್ರಸಂಗ ಬಂದಾಗ ಎಂದಿನಂತೆ ಒಳಗೆ ತಿರುಗಿದರು. "ವಿಠಲ, ನೀನ ಹೇಳಪಾ."

"ನಾನು ಹೇಳುದಿಲ್ಲ," ಎಂದ ವಿಠಲ ಒಳಗಿನಿಂದ. "ನೀವೇ ಹೇಳಿ, ನಿಮಗೆ ಬಾಯಿಪಾಠ ಉಂಟಲ್ಲ."

ಅವನು ಒಂದು ಬೈಕಿನ ಸರಪಳಿ ಕವರಿನ ನಟ್ಟುಗಳನ್ನು ಬಿಗಿಯುತ್ತಿದ್ದ. "ಒಂದು, ಎರಡು, ಮೂರು, ನಾಲ್ಕು," ಎಂದು ಎಣಿಸಿ ಸ್ಪಾನರನ್ನು ಡಬ್ಬಿಗೆ ಹಾಕಿ ಎದ್ದುಬಿಟ್ಟ. ಎರಡನೆಯ ಸಲ ಎಣಿಸಲಿಲ್ಲ. ನನ್ನ ಕಡೆ ನೋಡಲಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲಿ ಚಹಾದವನು ಬಂದು ಎಲ್ಲರ ಜೊತೆ ನನಗೂ ಒಂದು ಗ್ಲಾಸು ಕೊಟ್ಟ.

ಗ್ಲಾಸು ಹಿಡಿದು ಗಲ್ಲಾದ ಹತ್ತಿರ ನಿಂತಾಗ ಗೋಡೆಯ ಮೇಲೆ ಕಂಡಿತು. ದೇವರ ಫೋಟೋದ ಕೆಳಗೆ, ಕಪ್ಪು ಟೇಪಿನ ಸಣ್ಣ ಪಟ್ಟಿಗಳು, ಹೊಸದಾಗಿ ಕತ್ತರಿಸಿ ಸಾಲಾಗಿ ಅಂಟಿಸಿದ್ದು. ಹೊರಗೆ ನಾಡಗೌಡರು ಕೊನೆಯ ತಿರುವಿಗೆ ಬಂದಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಗ್ಲಾಸು ಕೆಳಗಿಟ್ಟು ಒಂದೊಂದೇ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸಿದೆ. ಹತ್ತಿದ್ದವು.